ಏಳನೇ ಪೆಟ್ಟಿಗೆಯ ಮನೆವಾಸ

ಏಳನೇ ಪೆಟ್ಟಿಗೆಯಲ್ಲಿ ಯಾವ ದೋಷವೂ ಇರಲಿಲ್ಲ ಎಂಬುದನ್ನು ಮೊದಲೇ ದಾಖಲಿಸಿಬಿಡುವುದು ನ್ಯಾಯ. ಅದರ ಬ್ಯಾಟರಿ ತುಂಬಿತ್ತು, ಕಿವಿ ಚುರುಕಾಗಿತ್ತು, ಕಲಿತ ಪಾಠವನ್ನು ಅದು ಒಂದಕ್ಷರ ಬಿಡದೆ ನೆನಪಿಟ್ಟುಕೊಂಡಿತ್ತು. ಪಾಠ ನಡೆದ ಸ್ಥಳದಲ್ಲಿ ಮಾತ್ರ ಸ್ವಲ್ಪ ವ್ಯತ್ಯಾಸವಾಗಿತ್ತು. ಆ ವ್ಯತ್ಯಾಸಕ್ಕೆ ಕಾರಣರಾದವರು ಅರಣ್ಯ ಕಚೇರಿಯ ಉಗ್ರಾಣದ ಗುಮಾಸ್ತರು.

ಗುಮಾಸ್ತರು ಇಪ್ಪತ್ತೆರಡು ವರ್ಷ ಹಗ್ಗ, ಗುದ್ದಲಿ, ಗಮ್‌ಬೂಟುಗಳಿಗೆ ಬೀಗ ಹಾಕಿದವರು. ಅವರನ್ನು ಯಾರೂ ಏನನ್ನೂ ಕೇಳುತ್ತಿರಲಿಲ್ಲ. ಬೀಗದ ಕೈ ಎಲ್ಲಿದೆ ಎಂದಷ್ಟೇ ಕೇಳುತ್ತಿದ್ದರು. ಹೀಗಿರುವಾಗ ಕಚೇರಿಗೆ ಏಳು ಪೆಟ್ಟಿಗೆಗಳು ಬಂದವು.

ಕಚೇರಿಯ ಹಿಂದಿನ ಉಪ್ಪುನೀರಿನಲ್ಲಿ, ಬೇರುಗಳನ್ನು ಊರುಗೋಲಿನಂತೆ ಊರಿಕೊಂಡು ನಿಂತ ಕಾಂಡ್ಲಾ ಕಾಡು ಇದೆ. ಕಳೆದ ಒಂದೇ ತಿಂಗಳಲ್ಲಿ ಅದರ ದೂರದ ತಿರುವಿನಲ್ಲಿ ಹತ್ತೊಂಬತ್ತು ಮರಗಳು ಮಾಯವಾಗಿದ್ದವು. ಈ ಕಾಡು ಅಡ್ಡ ನಿಲ್ಲದಿದ್ದರೆ ಬಿರುಗಾಳಿಯ ದಿನ ಸಮುದ್ರ ನೇರವಾಗಿ ಊರಿನ ಅಡುಗೆಮನೆಗಳಿಗೆ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಕಡಿಯುವವರಿಗೂ ಗೊತ್ತಿತ್ತು, ಆದರೆ ಅವರ ಮನೆಗಳು ಎತ್ತರದಲ್ಲಿದ್ದವು.

ಪೆಟ್ಟಿಗೆಗಳನ್ನು ತಂದ ತಂತ್ರಜ್ಞೆ ಇಪ್ಪತ್ತಾರರ ಹುಡುಗಿ. ಮೇಜಿನ ಸುತ್ತ ನಿಂತ ಸಿಬ್ಬಂದಿಗೆ ಆಕೆ ವಿವರಿಸಿದಳು: "ಇದಕ್ಕೆ ಗರಗಸ ಅಂದ್ರೆ ಏನು, ಕೊಡಲಿ ಅಂದ್ರೆ ಏನು, ಯಾವುದೂ ಗೊತ್ತಿಲ್ಲ. ಮಾಮೂಲು ಯಾವುದು ಅಂತ ಮಾತ್ರ ಕಲಿಯುತ್ತೆ. ಗುಂಡಿ ಒತ್ತಿದ ಮೇಲೆ ಮೂರು ದಿನ ಸುತ್ತಮುತ್ತ ಏನೇನು ಕೇಳುತ್ತೋ ಅದೆಲ್ಲ ಮಾಮೂಲು. ಆಮೇಲೆ ಅದಲ್ಲದ್ದು ಏನೇ ಕೇಳಿದ್ರೂ ನಿಮ್ಮೆಲ್ಲರ ಫೋನು ಬಡ್ಕೊಳ್ಳುತ್ತೆ."

ಆರು ಪೆಟ್ಟಿಗೆಗಳನ್ನು ಆಕೆ ತಾನೇ ಮರಗಳಿಗೆ ಕಟ್ಟಿದಳು. ಅಷ್ಟರಲ್ಲಿ ನೀರಿಳಿದು ದೋಣಿ ಕೆಸರಿನಲ್ಲಿ ಕೂತಿತು. ಏಳನೆಯದನ್ನು ಮರುದಿನ ದೂರದ ತಿರುವಿನಲ್ಲಿ ಕಟ್ಟಿ, ಕಟ್ಟಿದ ಮೇಲೆ ಗುಂಡಿ ಒತ್ತುವ ಕೆಲಸವನ್ನು ವಲಯ ಅಧಿಕಾರಿ ಸಾಹೇಬರು ಗುಮಾಸ್ತರಿಗೆ ವಹಿಸಿದರು. ವಹಿಸುವಾಗ, ಬೇರೆ ಯಾವ ಶಬ್ದವೂ ಹೊಳೆಯದೆ, "ಇವತ್ತಿಂದ ನೀವೇ ಇದರ ಪಾಲಕರು ಕಣ್ರೀ" ಎಂದುಬಿಟ್ಟರು.

ಪಾಲಕರು! ಗುಮಾಸ್ತರು ಆ ಸಂಜೆ ಪೆಟ್ಟಿಗೆಯನ್ನು ಎದೆಗಪ್ಪಿಕೊಂಡು ಬಸ್ಸಿನಲ್ಲಿ ಮನೆಗೆ ಬಂದರು. ತೋರಿಸಿ ಮರುದಿನ ಒಯ್ಯುವುದಷ್ಟೇ ಉದ್ದೇಶ. ಪ್ರದರ್ಶನಕ್ಕೆ ಹೆಂಡತಿ, ಅತ್ತೆ ಮತ್ತು ಪಕ್ಕದ ಮನೆಯ ಬಡಗಿ ಹಾಜರಿದ್ದರು.

"ಇದೊಂದು ಸೂಕ್ಷ್ಮ ಉಪಕರಣ. ನಮ್ಮ ಕಚೇರೀಲಿ ಇದರ ಜವಾಬ್ದಾರಿ ಒಬ್ಬರಿಗೆ ಮಾತ್ರ," ಎಂದರು ಗುಮಾಸ್ತರು.

"ಆ ಗುಂಡಿ ಒತ್ತಿದ್ರೆ ಏನಾಗುತ್ತೆ?" ಬಡಗಿ ಕೇಳಿದ.

"ಅದನ್ನ ಹಾಗೆಲ್ಲ ಒತ್ತೋ ಹಾಗಿಲ್ಲಪ್ಪ."

"ಹಾಗಲ್ಲ," ಅತ್ತೆ ಮಗಳ ಕಡೆ ತಿರುಗಿ ಸಾವಧಾನವಾಗಿ ಹೇಳಿದರು, "ಇವರಿಗೆ ಒತ್ತೋಕೆ ಬಿಟ್ಟಿಲ್ಲ ಅಂತ ಕಾಣುತ್ತೆ. ಹೊತ್ಕೊಂಡು ಹೋಗೋಕೆ ಮಾತ್ರ ಹೇಳಿರ್ತಾರೆ."

ಗುಮಾಸ್ತರು ಒತ್ತಿದರು.

ನೀಲಿ ದೀಪ ಮಿನುಗತೊಡಗಿತು. ಅದನ್ನು ಆರಿಸಲು ಅದೇ ಗುಂಡಿಯನ್ನು ಹನ್ನೊಂದು ಸಲ ಒತ್ತಿದ್ದಾಯಿತು. ದೀಪ ಆರಲಿಲ್ಲ. ಕೊನೆಗೆ ಕೈಪಿಡಿ ತೆಗೆದು ಒಂಬತ್ತನೆಯ ನಿಯಮವನ್ನು ಓದಿದರು: 'ಕಲಿಕೆಯ ಅವಧಿಯಲ್ಲಿ ಉಪಕರಣವನ್ನು ಇಟ್ಟ ಸ್ಥಳದಿಂದ ಕದಲಿಸತಕ್ಕದ್ದಲ್ಲ.' ಬೇರೆ ಯಾರಾದರೂ ಆಗಿದ್ದರೆ ತಂತ್ರಜ್ಞೆಗೆ ಫೋನು ಮಾಡುತ್ತಿದ್ದರು. ಇಪ್ಪತ್ತೆರಡು ವರ್ಷಗಳಲ್ಲಿ ಒಂದು ನಿಯಮವನ್ನೂ ಮುರಿಯದ ಗುಮಾಸ್ತರು ಪೆಟ್ಟಿಗೆಯನ್ನು ಕದಲಿಸಲಿಲ್ಲ. ಅದು ಮೂರು ದಿನ ಫ್ರಿಜ್ಜಿನ ಮೇಲೆ ಕೂತು ಶ್ರದ್ಧೆಯಿಂದ ಕಲಿಯಿತು.

ಅದು ಕಲಿತದ್ದು ಅಲ್ಪಸ್ವಲ್ಪವಲ್ಲ. ಕುಕ್ಕರಿನ ಸೀಟಿ ಕಲಿಯಿತು, ಮಿಕ್ಸಿಯ ಆರ್ಭಟ ಕಲಿಯಿತು, ಅತ್ತೆಯವರು ಒಂದರ ಬಾಲ ಹಿಡಿದು ಇನ್ನೊಂದು ಬರುವಂತೆ ಸೀನುವ ಸೀನುಗಳನ್ನು ಕಲಿಯಿತು. ಗುಮಾಸ್ತರ ಹೆಂಡತಿ ಒದ್ದೆ ಟವೆಲಿನ ಬಗ್ಗೆ ಆಡುವ ಮಾತು ಎಲ್ಲಿಂದ ಹೊರಟು ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಕಲಿಯಿತು. ಗೋಡೆಯಾಚೆಯ ಬಡಗಿಯ ವಿದ್ಯುತ್ ಗರಗಸವನ್ನು ಕಲಿಯಿತು. ಹನ್ನೊಂದು ವರ್ಷ ಅದನ್ನು ಕೇಳಿ ಕೇಳಿ ಆ ಮನೆಯವರಿಗೆ ಅದು ಕೇಳಿಸುವುದೇ ನಿಂತಿತ್ತು. ಅತ್ತೆಯವರಿಗಂತೂ ಅದಿಲ್ಲದೆ ಹಗಲು ಕಣ್ಣು ಮುಚ್ಚುತ್ತಿರಲಿಲ್ಲ. ಇವೆಲ್ಲದರ ಜೊತೆಗೆ ಪೆಟ್ಟಿಗೆ ಇನ್ನೊಂದನ್ನೂ ಕಲಿಯಿತು. ಗುಮಾಸ್ತರು ದಿನವೂ ಕಚೇರಿಯಿಂದ ಬಂದು, ಕಾಲು ತೊಳೆದು, ಮೂಗನ್ನು ಎರಡು ಬೆರಳಲ್ಲಿ ಹಿಡಿದು ಸಾಹೇಬರ ಅನುಕರಣೆ ಮಾಡುತ್ತಿದ್ದರು: "ಏನ್ರೀ! ಕಾಲಿದೆಯೋ, ಕಂಬ ಊರಿದೆಯೋ? ಓಡ್ರೀ!" ಹೆಂಡತಿ ಮತ್ತು ಅತ್ತೆ ಅವರನ್ನು ಮೆಚ್ಚುತ್ತಿದ್ದುದು ದಿನಕ್ಕೆ ಆ ಐದು ನಿಮಿಷ ಮಾತ್ರ.

ನಾಲ್ಕನೆಯ ದಿನ ಹಸಿರು ದೀಪ ಹೊತ್ತಿತು. ಗುಮಾಸ್ತರು ಪೆಟ್ಟಿಗೆಯನ್ನು ದೋಣಿಯಲ್ಲಿ ಒಯ್ದು ದೂರದ ತಿರುವಿನ ಮರಕ್ಕೆ ಕಟ್ಟಿ, 'ವಿಧಿವತ್ತಾಗಿ ಅಳವಡಿಸಲಾಗಿದೆ' ಎಂದು, ತಾರೀಖು ಮಾತ್ರ ಹಾಕದೆ, ಬರೆದುಕೊಟ್ಟರು.

ಕಟ್ಟಿದ ಎಂಟನೆಯ ನಿಮಿಷಕ್ಕೆ ಐದು ಫೋನುಗಳು ಒಟ್ಟಿಗೆ ಬಡಿದುಕೊಂಡವು. ಅಪರಿಚಿತ ಶಬ್ದ, ಪೆಟ್ಟಿಗೆ ಏಳು.

"ಸಿಕ್ಕಿಬಿದ್ರು ನನ್ನ ಮಕ್ಕಳು!" ಸಾಹೇಬರು ಕುರ್ಚಿಯಿಂದ ಹಾರಿದರು. ಎತ್ತರದ ಗಾರ್ಡು ಮತ್ತು ಗಿಡ್ಡ ಗಾರ್ಡು ಲಾಠಿ ಹಿಡಿದು ಮೊಣಕಾಲುದ್ದ ಕೆಸರಿನಲ್ಲಿ ಓಡಿದರು. ತಿರುವಿನಲ್ಲಿ ಒಂದು ಏಡಿಯಿತ್ತು. ಅದು ಬೇರಿನಿಂದ ನೀರಿಗೆ 'ಬುಳುಕ್' ಎಂದು ಹಾರಿತ್ತು. ಗುಮಾಸ್ತರ ಮನೆಯಲ್ಲಿ ಮೂರು ದಿನ ಯಾವ ಏಡಿಯೂ ಹಾಗೆ ಹಾರಿರಲಿಲ್ಲವಾದ್ದರಿಂದ ಪೆಟ್ಟಿಗೆ ತನ್ನ ಕರ್ತವ್ಯ ಮಾಡಿತ್ತು.

ಆ ದಿನ ಮಧ್ಯಾಹ್ನದೊಳಗೆ ಅದು ನಲವತ್ತೊಂದು ಸಲ ಕೂಗಿತು. ಮಿಂಚುಳ್ಳಿ ಮುಳುಗಿದರೆ ಕೂಗಿತು, ಕೆಸರಿನ ಗುಳ್ಳೆ ಒಡೆದರೆ ಕೂಗಿತು, ಗಾಳಿಗೆ ಎಲೆಗೆ ಎಲೆ ತಾಗಿದರೆ ಕೂಗಿತು. ಉಳಿದ ಆರು ಪೆಟ್ಟಿಗೆಗಳು ಸಂಭಾವಿತರಂತೆ ಸುಮ್ಮನಿದ್ದವು. ಮೂರನೆಯ ದಿನಕ್ಕೆ ಗಾರ್ಡುಗಳು ಓಡುವುದನ್ನು ಬಿಟ್ಟು ನಡೆದರು. ನಾಲ್ಕನೆಯ ದಿನ ನಡೆಯುವುದನ್ನೂ ಬಿಟ್ಟರು.

"ಸಾರ್, ಏಡಿಗಳಿಗೆ ನಮ್ಮ ಮುಖಪರಿಚಯ ಆಗೋಗಿದೆ," ಎಂದು ಗಿಡ್ಡ ಗಾರ್ಡು ಹೇಳಿದ. "ಈಗ ನಮ್ಮನ್ನ ನೋಡಿದ್ರೂ ಅವು ಓಡಲ್ಲ."

ಸಾಹೇಬರ ತಲೆ ಮೊಸರುಗಡಿಗೆಯಾಗಿತ್ತು. ಗುರುವಾರ ಹನ್ನೊಂದು ಗಂಟೆಗೆ ಮೇಲಿನಿಂದ ಒಂದು ಸಮಿತಿ ಬರುವುದಿತ್ತು. ಪೆಟ್ಟಿಗೆಗಳು ಉಳಿಯಬೇಕೋ ವಾಪಸು ಹೋಗಬೇಕೋ ಎಂಬುದನ್ನು ಅದು ತೀರ್ಮಾನಿಸಲಿತ್ತು. ಸಾಹೇಬರು ಗುಮಾಸ್ತರನ್ನೂ ತಂತ್ರಜ್ಞೆಯನ್ನೂ ಒಳಗೆ ಕರೆದರು.

"ಗುರುವಾರ ಇದು ಒಂದೇ ಒಂದು ಸಲ ಸುಳ್ಳು ಕೂಗಿದ್ರೂ, ಸಮಿತಿ ಎದುರಿಗೇ ಪೆಟ್ಟಿಗೆ ಬಿಚ್ಚಿಸ್ತೀನಿ. ತಪ್ಪು ಯಂತ್ರದ್ದೋ ಮನುಷ್ಯರದ್ದೋ ಗೊತ್ತಾಗ್ಲಿ."

"ಬಿಚ್ಚಿದ್ರೆ ಏನು ಕಾಣುತ್ತೆ ಮೇಡಂ?" ಗುಮಾಸ್ತರು ಸಹಜವೆಂಬಂತೆ ಕೇಳಿದರು.

"ಕಾಣೋದಲ್ಲ, ಕೇಳುತ್ತೆ," ತಂತ್ರಜ್ಞೆ ಉತ್ಸಾಹದಿಂದ ಹೇಳಿದಳು. "ಕಲಿತ ಮೂರು ದಿನದ ಶಬ್ದ ಎಲ್ಲಾ ಒಳಗೆ ಭದ್ರವಾಗಿರುತ್ತೆ. ಸ್ಪೀಕರಿಗೆ ಹಾಕಿದ್ರೆ ಆಯ್ತು, ಎಪ್ಪತ್ತೆರಡು ಗಂಟೆ."

"ಎಲ್ಲಾ ಅಂದ್ರೆ... ದೊಡ್ಡ ಶಬ್ದಗಳು?"

"ಪಿಸುಮಾತು ಕೂಡ ಸಾರ್!"

ಗುಮಾಸ್ತರಿಗೆ ಫ್ರಿಜ್ಜಿನ ಮುಂದೆ ದಿನವೂ ತಾವು ಮೂಗು ಹಿಡಿದದ್ದು ನೆನಪಾಯಿತು. ಎದುರಿಗೆ ಸಾಹೇಬರು ಮೂಗಿನಲ್ಲಿ, ಗುಮಾಸ್ತರು ಅನುಕರಿಸುತ್ತಿದ್ದ ಹಾಗೆಯೇ, "ಏನ್ರೀ, ಯಾಕ್ರೀ ಬೆವರ್ತಿದ್ದೀರಾ?" ಎಂದು ಕೇಳುತ್ತಿದ್ದರು.

ಮರುದಿನ ಗುಮಾಸ್ತರು ದೋಣಿ ಹಿಡಿದು ತಿರುವಿಗೆ ಹೋದರು. ಪೆಟ್ಟಿಗೆಯ ಕೆಳಗೆ ನಿಂತು ಕೈಮುಗಿದರು. ಅವರು ಎಂದೂ ಮನೆಯಲ್ಲಿ ಕೈಮುಗಿದವರಲ್ಲವಾದ್ದರಿಂದ ಆ ಅಂಗೈಗಳ ಚಟ್ ಎಂಬ ಸದ್ದಿಗೂ ಅದು ಕೂಗಿತು. ಅಷ್ಟರಲ್ಲಿ ಹೆಂಡತಿಯ ಕರೆ ಬಂತು. ಕೈ ಒದ್ದೆಯಾಗಿದ್ದುದರಿಂದ ಫೋನನ್ನು ಸ್ಪೀಕರಿಗೆ ಹಾಕಿದರು. ಒದ್ದೆ ಟವೆಲು ಮತ್ತೆ ಮಂಚದ ಮೇಲಿತ್ತು. ಆಕೆ ನಾಲ್ಕೂವರೆ ನಿಮಿಷ ಮಾತಾಡಿದಳು. ಆ ನಾಲ್ಕೂವರೆ ನಿಮಿಷವೂ, ಪಕ್ಕದಲ್ಲೇ ಮಿಂಚುಳ್ಳಿ ಎರಡು ಸಲ ಮುಳುಗಿದರೂ, ಪೆಟ್ಟಿಗೆ ಪಿಟ್ಟೆನ್ನಲಿಲ್ಲ. ಆಕೆ ಫೋನಿಟ್ಟ ಕೂಡಲೇ ಎಲೆಯೊಂದು ಅಲುಗಿತು, ಪೆಟ್ಟಿಗೆ ಕೂಗಿತು.

ವಿಜ್ಞಾನದ ಅನೇಕ ಶೋಧಗಳು ಹೀಗೆಯೇ ಅನಿರೀಕ್ಷಿತವಾಗಿ ಆಗಿವೆ. ಪರಿಚಿತವಾದ ದೊಡ್ಡ ಸದ್ದು ಅಪರಿಚಿತವಾದ ಸಣ್ಣ ಸದ್ದುಗಳನ್ನು ಮುಚ್ಚಿಬಿಡುತ್ತದೆ ಎಂಬ ತತ್ತ್ವ ಗುಮಾಸ್ತರಿಗೆ ಹೊಳೆಯಿತು. ಗುರುವಾರ ಸಮಿತಿ ಕಾವಲು ಗೋಪುರದ ಮೇಲಿರುವಷ್ಟು ಹೊತ್ತು ತಮ್ಮ ಸಂಸಾರ ಪೆಟ್ಟಿಗೆಯ ಕೆಳಗೆ ನಡೆದರೆ ಸಾಕು. ಅದು ಕೂಗುವುದಿಲ್ಲ, ಯಾರೂ ಬಿಚ್ಚುವುದಿಲ್ಲ.

"ಅಂದ್ರೆ ನಾನು ದೋಣೀಲಿ ಕೂತು ನಿಮ್ಮನ್ನ ಬಯ್ಯಬೇಕು," ಹೆಂಡತಿ ಖಚಿತಪಡಿಸಿಕೊಂಡಳು.

"ಒಂದು ಗಂಟೆ ಸಾಕು."

"ಹೊಸದಾಗಿ ಏನಂತ ಬಯ್ಯಲಿ? ತಯಾರಿ ಬೇಡ್ವಾ?"

"ನಾನೂ ಬರ್ತೀನಿ," ಎಂದರು ಅತ್ತೆ. "ಅವಳು ಉಸಿರು ತಗೊಳ್ಳುವಾಗ ಸೀನೋಕೆ ಯಾರಾದ್ರೂ ಬೇಕಲ್ಲ."

ಗುರುವಾರ ಹತ್ತೂ ಮುಕ್ಕಾಲಕ್ಕೆ ದೋಣಿ ತಿರುವು ಮುಟ್ಟಿತು. ಅದರಲ್ಲಿ ಗುಮಾಸ್ತರು, ಹೆಂಡತಿ, ಮೆಣಸಿನಪುಡಿಯ ಡಬ್ಬಿ ಹಿಡಿದ ಅತ್ತೆ ಮತ್ತು ದೋಣಿಯವನಿದ್ದರು. ಹನ್ನೊಂದಕ್ಕೆ ಸಮಿತಿ ಅಲ್ಲಿಂದ ಒಂದೂವರೆ ಕಿಲೋಮೀಟರು ಆಚೆ ಗೋಪುರ ಹತ್ತತೊಡಗಿತು. ಇಬ್ಬರು ಗಾರ್ಡುಗಳೂ ಗೋಪುರದ ಬುಡದಲ್ಲಿ ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ ನಿಂತಿದ್ದರು.

"ಶುರು ಮಾಡು," ಗುಮಾಸ್ತರು ಪಿಸುಗುಟ್ಟಿದರು.

ಹೆಂಡತಿ ಒದ್ದೆ ಟವೆಲಿನಿಂದ ಶುರು ಮಾಡಿದಳು. ಮೊದಲ ಹತ್ತು ನಿಮಿಷ ಅದು ಕೇವಲ ಕರ್ತವ್ಯವಾಗಿತ್ತು. ಆಮೇಲೆ ಕರ್ತವ್ಯ ಹಿಂದೆ ಸರಿದು ನೆನಪು ಮುಂದೆ ಬಂತು.

"ಹತ್ತೊಂಬತ್ತು ವರ್ಷದಲ್ಲಿ ನನ್ನನ್ನ ಒಂದು ಕಡೆ ಕರ್ಕೊಂಡು ಹೋಗಿದ್ದೀರಾ? ಇವತ್ತು ಕರ್ಕೊಂಡು ಬಂದ್ರಿ, ಅದೂ ಬಯ್ಯೋಕೆ!"

"ಅದು ನಿಜಾನೇ," ಎಂದ ದೋಣಿಯವ.

"ನಿನ್ನನ್ನ ಯಾರಪ್ಪ ಕೇಳಿದ್ದು?" ಗುಮಾಸ್ತರು ಗದರಿದರು.

"ನಾನೂ ಮಾಮೂಲು ಶಬ್ದ ಅಂತ ಲೆಕ್ಕ ಹಿಡ್ಕೊಳ್ಳಿ ಸ್ವಾಮಿ. ಹೇಳಿ ಅಕ್ಕ, ಆಮೇಲೆ?"

ಅಕ್ಕ ಹೇಳಿದಳು. ನಡುವೆ ಅತ್ತೆಯವರು ಸೀನಿದರು. ಗುಮಾಸ್ತರ ಅಂಗೈಯಲ್ಲಿದ್ದ ಫೋನು ಶಾಂತವಾಗಿತ್ತು. ಹನ್ನೊಂದೂ ಇಪ್ಪತ್ತಕ್ಕೆ, ತಂಗಿಯ ಮಗುವಿನ ನಾಮಕರಣಕ್ಕೆ ಗುಮಾಸ್ತರು ಬರದೇ ಇದ್ದ ಪ್ರಸಂಗ ಬಂದಾಗ, ಹೆಂಡತಿ ನಿಜವಾಗಿಯೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನನಗೆ ಬೇಜಾರಾಗೋಯ್ತು. ಇನ್ನು ನಾನು ನಿಮ್ಮ ಹತ್ರ ಮಾತೇ ಆಡಲ್ಲ," ಎಂದು ಬೆನ್ನು ತಿರುಗಿಸಿ ಕೂತಳು.

"ಅಯ್ಯೋ, ಈಗ ಮಾತು ಬಿಡಬೇಡ್ವೇ! ಇನ್ನು ನಲವತ್ತು ನಿಮಿಷ ಇದೆ! ಅತ್ತೆ, ಸೀನಿ ಅತ್ತೆ!"

ಸೀನು ಬರಲಿಲ್ಲ. ಗುಮಾಸ್ತರು ಕಣ್ಣು ಮುಚ್ಚಿ, ಫೋನು ಬಡಿದುಕೊಳ್ಳುವುದನ್ನು ಕಾದರು. ಒಂದು ನಿಮಿಷ. ಎರಡು ನಿಮಿಷ. ಮಿಂಚುಳ್ಳಿ ಮುಳುಗಿತು, ಫೋನು ಸುಮ್ಮನಿತ್ತು. ಏಡಿ ಹಾರಿತು, ಸುಮ್ಮನಿತ್ತು. ಗುಮಾಸ್ತರು ಒಂದು ಕಣ್ಣು ತೆರೆದು ಅತ್ತೆಯವರನ್ನು ನೋಡಿದರು. ಅವರು ದೋಣಿಯ ಹಲಗೆಗೆ ಒರಗಿ, ಡಬ್ಬಿಯನ್ನು ಎದೆಯ ಮೇಲಿಟ್ಟುಕೊಂಡು, ಸುಖವಾಗಿ ನಿದ್ರಿಸುತ್ತಿದ್ದರು.

"ನಿಮ್ಮಮ್ಮ ಮಲಗಿಬಿಟ್ಟಿದ್ದಾರೆ."

"ಮಲಗಿದ್ರೆ ಮಲಗಲಿ. ದಿನಾ ಈ ಹೊತ್ತಿಗೆ ಮಲಗ್ತಾರೆ," ಎಂದಳು ಹೆಂಡತಿ, ಮಾತಾಡುವುದಿಲ್ಲವೆಂಬುದನ್ನು ಮರೆತು.

"ಗರಗಸ ಇಲ್ದೆ ಅವರಿಗೆ ನಿದ್ದೆ ಬರಲ್ವಲ್ಲೇ?"

"ಗರಗಸ ಇದೆಯಲ್ಲ. ಬಡಗಿ ಕೆಲಸ ಮಾಡ್ತಿದಾನೆ, ಕೇಳಿಸಲ್ವಾ?"

ಮಾತು ಬಾಯಿಂದ ಹೊರಬಿದ್ದ ಮೇಲೆ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಡಗಿಯ ಮನೆ ಅಲ್ಲಿಂದ ಆರು ಕಿಲೋಮೀಟರು ದೂರದಲ್ಲಿತ್ತು.

"ಹತ್ತು ನಿಮಿಷದಿಂದ ಕೊಯ್ತಾ ಇದ್ದಾರೆ ಸ್ವಾಮಿ," ದೋಣಿಯವ ಮರಗಳಾಚೆ ಕೈ ತೋರಿಸಿದ. "ಹೇಳೋಣ ಅಂದ್ರೆ ನೀವಿಬ್ಬರೂ ನನಗೆ ಸಂದು ಕೊಟ್ರೆ ತಾನೆ?"

ಎಲೆಗಳ ನಡುವೆ ಹಣಕಿದರೆ ಮುನ್ನೂರು ಅಡಿ ದೂರದಲ್ಲಿ ಮೂವರು ಗಂಡಸರು, ಒಂದು ಅಗಲವಾದ ದೋಣಿ, ಗುರುಗುಡುವ ಗರಗಸ. ಒಂದು ಮರ ಆಗಲೇ ನೀರಿಗೆ ಒರಗಿತ್ತು. ಏಳನೇ ಪೆಟ್ಟಿಗೆ ಈ ಪರಿಚಿತ ನಾದವನ್ನು ಕೇಳುತ್ತ, ತವರಿಗೆ ಬಂದಂತೆ ನೆಮ್ಮದಿಯಾಗಿತ್ತು.

ಇಲ್ಲಿ ಗುಮಾಸ್ತರ ಸ್ಥಿತಿಯನ್ನು ಸ್ಪಷ್ಟವಾಗಿ ಗ್ರಹಿಸಬೇಕು. ಅವರು ನಾಲ್ಕು ದಿನದಿಂದ ಬೇಡಿಕೊಂಡಿದ್ದು ಈ ಮೌನವನ್ನೇ. ಹೀಗೇ ಕೂತಿದ್ದರೆ ಸಮಿತಿ ಸಂತೋಷವಾಗಿ ಹೋಗುತ್ತದೆ, ಪೆಟ್ಟಿಗೆ ಬಿಚ್ಚುವುದಿಲ್ಲ, ಪಾಲಕರು ಪಾಲಕರಾಗಿಯೇ ಉಳಿಯುತ್ತಾರೆ. ಹೋಗುವುದು ಕೆಲವು ಮರಗಳು ಮಾತ್ರ. ಗರಗಸ ಎರಡನೆಯ ಮರಕ್ಕೆ ತಾಗಿತು. ಗುಮಾಸ್ತರು ಸಾಹೇಬರಿಗೆ ಫೋನು ಮಾಡಿದರು.

"ಸಾರ್, ಏಳನೇ ಪೆಟ್ಟಿಗೆ ಸುಮ್ಮನಿದೆ."

"ಗೊತ್ತು! ಸಮಿತಿಯವರು ಬಹಳ ಮೆಚ್ಕೊಂಡ್ರು. ಶಭಾಷ್!"

"ಇಲ್ಲ ಸಾರ್, ಸುಮ್ಮನಿದೆ ಅಂದ್ರೆ ಕಳ್ಳರಿದ್ದಾರೆ ಅಂತ."

"ಹಾಗಾದ್ರೆ ಇಷ್ಟು ದಿನ ಕೂಗಿದ್ದು?"

"ಅದು ಏಡಿ ಸಾರ್."

"ಏಡಿಗೆ ಕೂಗುತ್ತೆ, ಕಳ್ಳರಿಗೆ ಸುಮ್ಮನಿರುತ್ತೆ. ಯಾಕ್ರೀ?"

"ಅದು ನಮ್ಮ ಮನೇಲಿ ಬೆಳೆದಿದ್ದು ಸಾರ್! ಪಕ್ಕದ ಮನೇಲಿ ಬಡಗಿ, ನಮ್ಮತ್ತೆ ಬೇರೆ ಈಗ ನಿದ್ದೆ..."

"ಬಿಸಿಲಿಗೆ ತಲೆ ಕೆಟ್ಟಿದೆ ನಿಮಗೆ. ಫೋನಿಡ್ರೀ!"

ಗರಗಸ ತೊಗಟೆ ದಾಟಿ ಮರಕ್ಕೆ ಇಳಿಯುತ್ತಿತ್ತು. "ಗಾರ್ಡುಗಳಿಗೆ ಮಾಡಿ," ಎಂದಳು ಹೆಂಡತಿ.

"ನಾನು ಕರೆದ್ರೆ ಬರ್ತಾರೇನೇ? ನಲವತ್ತೊಂದು ಸಲ ಏಡಿ ನೋಡಿ ಬಂದಿದ್ದಾರೆ ಅವರು!"

"ನೀವು ಕರೆದ್ರೆ ಬರಲ್ಲ," ಎಂದಳು ಆಕೆ. "ನಿಮ್ಮ ಸಾಹೇಬರು ಕರೆದ್ರೆ?"

ಗುಮಾಸ್ತರು ಹೆಂಡತಿಯನ್ನು ನೋಡಿದರು. ಪೆಟ್ಟಿಗೆಯೊಳಗೆ ಮುಚ್ಚಿಡಲು ಇಷ್ಟೆಲ್ಲ ಪಾಡುಪಟ್ಟದ್ದನ್ನು ಈಗ ಹಾಡಹಗಲಲ್ಲಿ ತಾವೇ ತೆಗೆದು ತೋರಿಸಬೇಕಿತ್ತು. ಅವರು ಎತ್ತರದ ಗಾರ್ಡಿನ ನಂಬರು ಒತ್ತಿ, ದೋಣಿಯಲ್ಲಿ ಎದ್ದು ನಿಂತು, ಮೂಗು ಹಿಡಿದರು.

"ಏನ್ರೀ! ಕಾಲಿದೆಯೋ, ಕಂಬ ಊರಿದೆಯೋ? ದೂರದ ತಿರುವು! ಇಬ್ಬರೂ! ಓಡ್ರೀ!"

ಗೋಪುರದ ತುದಿಯಿಂದ ಸಾಹೇಬರು ಸಮಿತಿಗೆ ದಿಗಂತವನ್ನು ತೋರಿಸುತ್ತಿದ್ದಾಗ, ಕೆಳಗಿನ ದೃಶ್ಯದಲ್ಲಿ ತಮ್ಮ ಇಬ್ಬರು ಗಾರ್ಡುಗಳು ಬಾಣದಂತೆ ಹೋಗುತ್ತಿರುವುದು ಕಂಡಿತು. "ಎಲ್ಲಿಗ್ರೀ? ನಿಲ್ರೀ!" ಎಂದು ಅವರು ಗಂಟಲು ಹರಿಯುವಂತೆ ಕೂಗಿದರು. ಗಾರ್ಡುಗಳು ನಿಲ್ಲಲಿಲ್ಲ. ಸಾಹೇಬರ ಅಪ್ಪಣೆಯಾಗಿರುವಾಗ ಹಿಂದಿನಿಂದ ಯಾರೋ ಕೂಗಿದರೆ ನಿಲ್ಲುವುದು ಸರಿಯಲ್ಲವೆಂದು ಅವರು ಆಮೇಲೆ ಹೇಳಿಕೆ ಕೊಟ್ಟರು.

ಮುಂದಿನದು ಎಂಟು ನಿಮಿಷದ ಕೆಲಸ. ಗಾರ್ಡುಗಳು ದಂಡೆಯ ಕಡೆಯಿಂದ ನುಗ್ಗಿದರು. ಕಳ್ಳರು ದೋಣಿಯ ಕಡೆ ಓಡಿದರು. ಅವರ ದೋಣಿಗೆ ಅಡ್ಡವಾಗಿ ಇನ್ನೊಂದು ದೋಣಿ ಬಂದು ನಿಂತಿತ್ತು, ಅದರಲ್ಲಿ ಒಬ್ಬ ಹೆಂಗಸು ಎದ್ದು ನಿಂತು ಹತ್ತೊಂಬತ್ತು ವರ್ಷದ ಬಾಕಿ ಬಯ್ಗುಳವನ್ನು ಅವರ ಮೇಲೆ ಸುರಿಯುತ್ತಿದ್ದಳು. ಗದ್ದಲಕ್ಕೆ ಎಚ್ಚೆತ್ತ ಅತ್ತೆಯವರ ಕೈಯಿಂದ ಡಬ್ಬಿ ಜಾರಿ ಗಾಳಿಗೆ ತೆರೆದುಕೊಂಡಿತು. ಮೂವರು ಕಳ್ಳರೂ ಸೀನುತ್ತಲೇ ಸಿಕ್ಕಿಬಿದ್ದರು. ಎರಡನೆಯ ಮರ ಅರ್ಧ ಕೊಯ್ದ ಗಾಯದೊಂದಿಗೆ, ಆದರೆ ನಿಂತೇ ಇತ್ತು.

"ಈ ತಿರುವು ಸುರಕ್ಷಿತ ಅಂತ ಬಂದ್ವಿ," ಎಂದು ಒಬ್ಬ ಕಳ್ಳ ಅಳುಮೋರೆ ಮಾಡಿದ. "ಇಲ್ಲಿ ಕೂಗಿದ್ರೆ ಯಾರೂ ಬರಲ್ಲ ಅಂತ ಊರಿಗೆಲ್ಲ ಗೊತ್ತು."

ಅಷ್ಟರಲ್ಲಿ ಸಾಹೇಬರು, ತಂತ್ರಜ್ಞೆ ಮತ್ತು ಸಮಿತಿಯ ಅಧ್ಯಕ್ಷರು ಮೋಟಾರು ದೋಣಿಯಲ್ಲಿ ಬಂದಿಳಿದರು. ಗುಮಾಸ್ತರು ಯಾರೂ ಕೇಳುವ ಮೊದಲೇ ಎಲ್ಲವನ್ನೂ ಒಪ್ಪಿಸಿದರು: ಗುಂಡಿ, ಒಂಬತ್ತನೆಯ ನಿಯಮ, ಫ್ರಿಜ್ಜು, ಬಡಗಿ. ಒಂದನ್ನು ಮಾತ್ರ ಬಿಟ್ಟರು.

"ಅಂದ್ರೆ ಅದು ಮನೆಯನ್ನ ಇಷ್ಟು ಚೆನ್ನಾಗಿ ಕಲೀತಾ!" ತಂತ್ರಜ್ಞೆ ಕುಣಿಯುವುದೊಂದು ಬಾಕಿ. "ಅದ್ಭುತ ಸಾರ್! ಇವತ್ತೇ ಅಳಿಸಿ ಇಲ್ಲೇ ಹೊಸದಾಗಿ ಕಲಿಸ್ತೀನಿ. ಉಳಿದ ಆರೂ ಇಷ್ಟೇ ಚುರುಕಾಗಿದ್ರೆ ಇಲ್ಲಿಗೆ ಇನ್ನೊಬ್ಬ ಬರಲ್ಲ."

"ಪೆಟ್ಟಿಗೆಗಳು ಇರಲಿ," ಎಂದರು ಅಧ್ಯಕ್ಷರು.

ಸಾಹೇಬರ ದೃಷ್ಟಿ ಗುಮಾಸ್ತರ ಮೇಲಿಂದ ಕದಲಲಿಲ್ಲ. "ಗಾರ್ಡುಗಳಿಗೆ ಫೋನು ಮಾಡಿದ್ದು ಯಾರು?"

"ತಾವೇ ಅಲ್ವಾ ಸಾರ್?" ಎಂದ ಎತ್ತರದ ಗಾರ್ಡು.

"ನಾನಲ್ಲ."

ಗುಮಾಸ್ತರು ಕೆಸರನ್ನು ನೋಡಿದರು. "ನಾನು ಸಾರ್. ಪೆಟ್ಟಿಗೆಯೊಳಗೂ ಇದೆ ಸಾರ್. ಮೂರು ದಿನದ್ದು."

"ಮಾಡಿ ತೋರಿಸ್ರೀ."

"ಬೇಡ ಸಾರ್."

"ಮಾಡ್ರೀ!"

ಗುಮಾಸ್ತರು ಎರಡು ಬೆರಳಿನಿಂದ ಮೂಗು ಹಿಡಿದು, ಇದು ಕೊನೆಯ ಸಲವೆಂಬಂತೆ, ಪೂರ್ಣಪ್ರಾಣದಿಂದ ಕೂಗಿದರು: "ಏನ್ರೀ! ಕಾಲಿದೆಯೋ, ಕಂಬ ಊರಿದೆಯೋ?"

ಇಬ್ಬರು ಗಾರ್ಡುಗಳೂ ಸಾಹೇಬರಿಗೆ ಬೆನ್ನು ಹಾಕಿ, ಗುಮಾಸ್ತರ ಕಡೆ ಮುಖ ಮಾಡಿ, ಹಿಮ್ಮಡಿ ಜೋಡಿಸಿ ಸೆಟೆದು ನಿಂತರು. ಕಳ್ಳರೂ ನಿಂತರು. ಸಾಹೇಬರ ಬಲಗೈ ತಾನಾಗಿಯೇ ಹಣೆಯವರೆಗೆ ಅರ್ಧ ದಾರಿ ಹೋಗಿತ್ತು. ಅದನ್ನು ಅವರು ಕಿವಿ ಕೆರೆಯಲು ಬಳಸಿಕೊಂಡರು.

ಮೇಲೆ ಏಳನೇ ಪೆಟ್ಟಿಗೆ, ಹಿಮ್ಮಡಿ ಜೋಡಿಸಿದ ಈ ಸದ್ದು ತನಗೆ ಅಪರಿಚಿತವೆಂದು ಕೂಗತೊಡಗಿತು.

"ಹದಿನಾಲ್ಕು ವರ್ಷ," ಎಂದರು ಸಾಹೇಬರು ನಿಧಾನವಾಗಿ, "ಹದಿನಾಲ್ಕು ವರ್ಷ ದಿನಾ ಗಂಟಲು ಹರ್ಕೊಂಡಿದ್ದೀನಿ. ಒಂದು ದಿನ ಇವರು ನನಗೆ ಹೀಗೆ ನಿಂತಿಲ್ಲ." ಅವರು ಟೋಪಿ ಸರಿಮಾಡಿಕೊಂಡರು. "ನಾಳೆಯಿಂದ ಬೆಳಿಗ್ಗೆ ಏಳಕ್ಕೆ ಹಾಜರಿ ನೀವೇ ಕರೀರಿ."

"ಯಾವ ಧ್ವನೀಲಿ ಸಾರ್?"

"ನನ್ನದರಲ್ಲೇ ಕಣ್ರೀ," ಸಾಹೇಬರು ದೋಣಿ ಹತ್ತುತ್ತ ಹೇಳಿದರು. "ಅದು ನನಗಿಂತ ನಿಮಗೇ ಚೆನ್ನಾಗಿ ಹೊಂದುತ್ತೆ."